ಸೋಮವಾರ ಯಾರದು?

ಬಳ್ಳಾರಿ ಕಂಟೋನ್ಮೆಂಟಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಸುವರ್ಣಮ್ಮ ಇತಿಹಾಸ ಕಲಿಸುತ್ತಿದ್ದಳು. ರಾಜರ ವಿಷಯದಲ್ಲಿ ಅವಳಿಗೆ ಯಾವತ್ತೂ ತೊಡಕು ಬಂದಿರಲಿಲ್ಲ. ಅಶೋಕ ಸಾಲುಮರ ನೆಡಿಸಿದ, ಇನ್ನೊಬ್ಬ ಕೆರೆ ಕಟ್ಟಿಸಿದ, ಮತ್ತೊಬ್ಬ ಯುದ್ಧದಲ್ಲಿ ಸೋತ. ಒಳ್ಳೆಯವನು ಯಾರು, ಕೈಲಾಗದವನು ಯಾರು ಎಂಬುದು ಪಾಠ ಶುರುವಾಗುವ ಮೊದಲೇ ತೀರ್ಮಾನವಾಗಿರುತ್ತಿತ್ತು.

1966ರ ಜನವರಿ ಮೊದಲ ವಾರದಲ್ಲಿ ಹೆಡ್‌ಮಿಸ್ಟ್ರೆಸ್ ವಿರೂಪಮ್ಮ ಅವಳನ್ನು ತಮ್ಮ ಕೋಣೆಗೆ ಕರೆದರು.

"ಸಂಕ್ರಾಂತಿ ರಜೆಗೆ ಮುಂಚೆ ಚರ್ಚಾಸ್ಪರ್ಧೆ ಇಟ್ಟೀವಿ. ‘ಸಮರ್ಥ ಪ್ರಧಾನಿ ಯಾರು’ ಅಂತ ವಿಷಯ. ತೀರ್ಪು ಕೊಡಾಕ ನಾನು, ಸ್ಕೂಲ್ ಕಮಿಟಿಯ ವಕೀಲರು ಕೊಟ್ರಬಸಪ್ಪನವರು, ಮತ್ತ ನೀವು. ಮಾತಿನ ಧಾಟಿ ನಾವು ನೋಡ್ಕೋತೀವಿ. ವಿಷಯಕ್ಕ ಅಂಕ ಹಾಕೋದು ನಿಮ್ಮ ಕೆಲಸ."

ಸುವರ್ಣಮ್ಮ ಆಗಲಿ ಎಂದು ಹೊರಗೆ ಬಂದಳು. ವರಾಂಡದಲ್ಲಿ ನಡೆಯುತ್ತಿದ್ದಂತೆ ಒಂದು ಅನುಮಾನ ಶುರುವಾಯಿತು. ಈಗಿರುವ ಪ್ರಧಾನಿ ಶಾಸ್ತ್ರಿಗಳು ಒಳ್ಳೆಯ ಕೆಲಸ ಮಾಡುತ್ತಿದ್ದಾರೆಂದು ಅವಳೇ ಎಷ್ಟು ಸಲ ಹೇಳಿದ್ದಳೋ. ಆದರೆ ಅದು ಅವಳಿಗೆ ಹೇಗೆ ಗೊತ್ತು? ಪತ್ರಿಕೆ ಹೇಳಿತ್ತು, ರೇಡಿಯೋ ಹೇಳಿತ್ತು, ಅಪ್ಪ ಹೇಳಿದ್ದ. ಹುಡುಗಿಯರೂ ಅದನ್ನೇ ಬಂದು ಹೇಳುತ್ತಾರೆ. ಆಗ ತಾನು ಅಂಕ ಹಾಕುವುದು ಯಾವುದಕ್ಕೆ?

ಅವಳ ತಲೆಗೆ ಸೋಮವಾರ ಬಂದದ್ದು ಆಗ. ಹಿಂದಿನ ವರ್ಷ ಯುದ್ಧದ ಹೊತ್ತಿನಲ್ಲಿ ದೇಶಕ್ಕೆ ಕಾಳಿನ ಕೊರತೆಯಾಗಿ, ವಾರಕ್ಕೊಂದು ಹೊತ್ತಿನ ಊಟ ಬಿಡಿ ಎಂದು ಶಾಸ್ತ್ರಿಗಳು ಜನರನ್ನು ಕೇಳಿಕೊಂಡಿದ್ದರು. ಬಹಳ ಕಡೆ ಸೋಮವಾರ ಸಂಜೆ ಹೋಟೆಲುಗಳೂ ಮುಚ್ಚತೊಡಗಿದ್ದವು. ಅದಕ್ಕೆ ಕಾನೂನಿರಲಿಲ್ಲ, ದಂಡವಿರಲಿಲ್ಲ. ಬರೀ ಒಂದು ಮಾತು. ದಿಲ್ಲಿಯಲ್ಲಿ ಆಡಿದ ಮಾತು ತನ್ನ ಕಡೆಯ ಊರುಗಳ ಅಡುಗೆಮನೆಯವರೆಗೆ ಬಂತೋ ಇಲ್ಲವೋ ನೋಡಬಹುದಲ್ಲ! ಸೋಮವಾರ, ಮಂಗಳವಾರ ರಜೆ ಬರೆದುಕೊಟ್ಟು, ಶನಿವಾರ ಸ್ಕೂಲು ಬಿಟ್ಟೊಡನೆ ಕುರುಗೋಡಿನ ಬಸ್ಸು ಹತ್ತಿದಳು.

ಅಪ್ಪ ಗಾದಿಲಿಂಗಪ್ಪ ಕುರುಗೋಡಿನಲ್ಲಿ ಹತ್ತಿ ವ್ಯಾಪಾರಿ. ಮಗಳ ಪ್ರಶ್ನೆ ಕೇಳಿ ಅವನಿಗೆ ಹಿಗ್ಗೋ ಹಿಗ್ಗು.

"ಇದನ್ನ ಕೇಳಾಕ ಬಳ್ಳಾರಿಯಿಂದ ಬಂದ್ಯಾ? ಸೋಮವಾರ ಸಂಜಿಕ ಬಂದು ನೋಡು, ನಮ್ಮ ಓಣ್ಯಾಗ ಒಂದ ಒಲಿಯಾಗೂ ಹೊಗಿ ಏಳೂದಿಲ್ಲ. ಒಂದ ಮಾತಿಗೆ! ಪ್ರಧಾನಿ ಅಂದ್ರ ಹಂಗಿರಬೇಕು."

ಭಾನುವಾರ ಬೆಳಿಗ್ಗೆ ಸುವರ್ಣಮ್ಮ ಓಣಿಯ ಮನೆಮನೆಗೂ ಹೋದಳು. ಎಲ್ಲರೂ ಚಿಕ್ಕಂದಿನಿಂದ ನೋಡಿದವರೇ. ಮೂಲೆಮನೆಯ ಗುರುಬಸಮ್ಮ ಜೋಳ ಹಸನು ಮಾಡುತ್ತಾ ಕಟ್ಟೆಯ ಮೇಲೆ ಕುಳಿತಿದ್ದಳು.

"ದೊಡ್ಡವ್ವ, ಸೋಮವಾರ ರಾತ್ರಿ ಉಣ್ಣೂದಿಲ್ಲಂತ, ಖರೇನಾ?"

"ಹೂನವ್ವ, ಒಪ್ಪತ್ತು."

"ಯಾವಾಗಿಂದ?"

ಗುರುಬಸಮ್ಮ ಮೊರ ಕೆಳಗಿಟ್ಟು ಅವಳ ಮುಖ ನೋಡಿದಳು. "ಯಾವಾಗಿಂದ ಅಂದ್ರ? ಊರದೇವರು ದೊಡ್ಡಬಸಪ್ಪನ ವಾರ ಅದು. ನಮ್ಮವ್ವ ಮಾಡ್ತಿದ್ಲು, ಅವರವ್ವ ಮಾಡ್ತಿದ್ಲು. ಬಳ್ಳಾರಿಗೆ ಹೋಗಿ ಎಲ್ಲಾ ಮರತೇನು?"

ಮುಂದಿನ ಮನೆಯಲ್ಲೂ ಅದೇ ಉತ್ತರ. ಅದರ ಮುಂದಿನದರಲ್ಲೂ ಅದೇ. ಶಿವನ ವಾರ ಸೋಮವಾರ; ಇಲ್ಲಿಯ ಮನೆಗಳು ತಲೆತಲಾಂತರದಿಂದ ಆ ದಿನ ಒಂದೇ ಹೊತ್ತು ಉಣ್ಣುತ್ತಿದ್ದವು. ಸುವರ್ಣಮ್ಮನ ಮನೆಯೂ ಅಷ್ಟೇ. ಇಷ್ಟು ದಿನ ತನಗೇ ಇದು ಹೊಳೆಯಲಿಲ್ಲವಲ್ಲ ಎಂದು ಓಣಿಯ ನಡುವೆ ನಿಂತು ನಕ್ಕಳು.

ಅಪ್ಪನಿಗೆ ನಗು ಬರಲಿಲ್ಲ. "ಅಂದ್ರ ಶಾಸ್ತ್ರಿಗಳ ಮಾತಿಗೆ ಕಿಮ್ಮತ್ತಿಲ್ಲ ಅಂತೀಯಾ?"

"ಹಂಗಂತ ಎಲ್ಲಿ ಅಂದೆ? ನೆಲ ಮೊದಲ ತೊಯ್ದಿತ್ತಪ್ಪ. ಈಗ ಬಂದ ಮಳಿ ಎಷ್ಟು ಅಂತ ಹೆಂಗ ಹೇಳೂದು?"

ಗಾದಿಲಿಂಗಪ್ಪ ಹಟಕ್ಕೆ ಬಿದ್ದವನ ಹಾಗೆ ಹೇಳಿದ: "ಹಂಗಾರ ಸಿರುಗುಪ್ಪಕ್ಕ ಹೋಗು. ಕಾಲುವಿ ನೀರಿನ ಊರು, ಮೂರೂ ಹೊತ್ತು ಅನ್ನ ಉಣ್ಣೋ ಮಂದಿ. ಅಲ್ಲಿ ಹೋಟ್ಲು ಮುಚ್ತಾವಂತ. ಹೋಟ್ಲಿಗೆ ಯಾವ ದೇವರ ವಾರ ಐತಿ?"

ಇದು ಸರಿಯಾದ ಮಾತೆನಿಸಿತು. ಹೇಗೂ ಸಿರುಗುಪ್ಪದಲ್ಲಿ ಸೋದರತ್ತೆ ಪಾರಮ್ಮನ ಮನೆ ಇತ್ತು. ಅವಳ ಗಂಡ ಮರಿಬಸಪ್ಪ ಅಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದ. ಸೋಮವಾರ ಮಧ್ಯಾಹ್ನದ ಬಸ್ಸಿಗೆ ಸುವರ್ಣಮ್ಮ ಹೊರಟಳು.

ಅವಳು ಇಳಿಯುವ ಹೊತ್ತಿಗೆ ಬಿಸಿಲು ಇಳಿದಿತ್ತು. ಬಸ್‌ಸ್ಟ್ಯಾಂಡಿನ ಎದುರು ಅಯ್ಯಣ್ಣನ ಹೋಟೆಲಿನ ಬಾಗಿಲು ಹಾಕಿತ್ತು. ‘ಸೋಮವಾರ ಸಂಜೆ ಊಟ ಇಲ್ಲ’ ಎಂದು ಸುಣ್ಣದಲ್ಲಿ ಬರೆದ ಹಲಗೆ ತೂಗುತ್ತಿತ್ತು. ಆದರೆ ಒಗ್ಗರಣೆಯ ಘಮ ಬೀದಿಗೆಲ್ಲ ಬರುತ್ತಿತ್ತು. ಪಕ್ಕದ ಸಂದಿಗೆ ಬಗ್ಗಿ ನೋಡಿದರೆ ಟ್ರ್ಯಾಕ್ಟರ್ ಡ್ರೈವರುಗಳು ಹಲಗೆಯ ಮೇಲೆ ಸಾಲಾಗಿ ಕುಳಿತು ಮಂಡಕ್ಕಿ ತಿನ್ನುತ್ತಿದ್ದರು, ಜೊತೆಗೆ ಮಿರ್ಚಿ.

ಅಯ್ಯಣ್ಣ ಅವಳನ್ನು ಗುರುತಿಸಿದ. "ಗಿರಣಿ ಸಾವ್ಕಾರ್ರ ಮನಿಗೆ ಬಂದೀರೇನ್ರಿ? ಬರ್ರಿ, ಕುಂದರ್ರಿ."

"ಅಯ್ಯಣ್ಣ, ಹೋಟ್ಲು ಮುಚ್ಚೀರೋ ತಗದೀರೋ?"

"ಮುಚ್ಚೀವ್ರಿ. ಊಟ ಇಲ್ಲ."

"ಮತ್ತ ಇದು?"

"ಮಂಡಕ್ಕಿ ಎಲ್ಲ್ಯಾರ ಊಟ ಆಗ್ತತೇನ್ರಿ?" ಎಂದ ಅಯ್ಯಣ್ಣ. ಡ್ರೈವರುಗಳು ನಕ್ಕರು. ಅವನು ಮಾತ್ರ ನಗಲಿಲ್ಲ. ಟವೆಲಿನಿಂದ ಕೈ ಒರೆಸಿಕೊಂಡು ಹತ್ತಿರ ಬಂದ.

"ಖರೇ ಹೇಳ್ತೀನ್ರಿ. ಮೊದಲ ಎಲ್ಲಾರೂ ಮುಚ್ಚಿದ್ರು ಅಂತ ನಾನೂ ಮುಚ್ಚಿದೆ. ಹಲಗಿ ಹೊರಗ ಹಾಕಿ ಒಳಗ ಅನ್ನ ಬಡಸ್ತಿದ್ದೆ. ಒಂದ ಸೋಮವಾರ ಮಿಲಿಟ್ರಿ ಹುಡುಗ ಒಬ್ಬ ಬಂದ, ಆದೋನಿ ಕಡ್ಯಾಂವ, ಅರ್ಧ ತೆಲುಗು ಮಾತು. ಯುದ್ಧ ಮುಗಿಸಿ ಊರಿಗೆ ಹೊಂಟಿದ್ದ. ನಿನಗ ಇಲ್ಲ ಅನ್ನಾಕ ಆಗ್ತತೇನಪ್ಪ, ಒಳಗ ಬಾ ಅಂದು ಎಲಿ ಹಾಕಿದೆ. ಅಂವ ಗ್ವಾಡಿಮ್ಯಾಗಿನ ಕ್ಯಾಲೆಂಡರ್ ನೋಡಿದ. ‘ಇವತ್ತು ಸೋಮವಾರ ಕದಾ’ ಅಂದು ಎದ್ದ. ಮಂಡಕ್ಕಿ ಕಟ್ಟಿಸ್ಕೊಂಡು ಬಸ್ಸು ಹತ್ತಿದ. ಅವತ್ತಿಂದ ಒಳಗೂ ಅನ್ನ ಮಾಡೂದಿಲ್ರಿ."

"ಅಂದ್ರ ನೀವು ಬಿಟ್ಟಿದ್ದು ಆ ಹುಡುಗನ ಸಲುವಾಗಿ. ಪ್ರಧಾನಿ ಸಲುವಾಗಿ ಅಲ್ಲ."

ಅಯ್ಯಣ್ಣ ತಲೆ ಕೆರೆದುಕೊಂಡ. "ಹಂಗ ಬ್ಯಾರಿ ಮಾಡಾಕ ಬರೂದಿಲ್ಲ ಬಿಡ್ರಿ. ಆ ಹುಡುಗ ಎದ್ದಿದ್ದು ಯಾರ ಮಾತಿಗೆ?"

ಸುವರ್ಣಮ್ಮ ಆ ಪ್ರಶ್ನೆ ಹೊತ್ತುಕೊಂಡೇ ಗಿರಣಿಗೆ ನಡೆದಳು.

ಗಿರಣಿಯ ಅಂಗಳದಲ್ಲಿ ಭತ್ತದ ರಾಶಿಯ ಪಕ್ಕ ಮರಿಬಸಪ್ಪ ನಿಂತಿದ್ದ. ಅವನ ಜೊತೆ ಹಚ್ಚೊಳ್ಳಿಯ ರೈತ ಉಚ್ಚೆಂಗೆಪ್ಪ. ಮರಿಬಸಪ್ಪ ಅವಳ ಕಥೆಯನ್ನೆಲ್ಲ ಕೇಳಿ ಹುಬ್ಬು ಏರಿಸಿದ.

"ಸುವರ್ಣ, ನಾವು ಅಕ್ಕಿ ಮಂದಿ ನೋಡು. ಸೋಮವಾರ ಮಾರದ ಅಕ್ಕಿ ಮಂಗಳವಾರ ಮಾರ್ತೀನಿ. ಒಂದ ಹೊತ್ತು ಬಿಟ್ಟಾಂವ ಮರದಿನ ಎರಡ ತುತ್ತು ಜಾಸ್ತಿ ಉಣ್ತಾನ. ಇದರಿಂದ ದೇಶ ಉದ್ಧಾರ ಆಗಾಂಗಿಲ್ಲ. ಪ್ರಧಾನಿ ಕೆಲಸ ಉಪಾಸ ಇರ್ರಿ ಅನ್ನೂದಲ್ಲ, ಭತ್ತ ಬೆಳ್ಯಾಂಗ ಮಾಡೂದು. ಇಲ್ಲಿ ನೋಡು."

ಅವನು ಉಚ್ಚೆಂಗೆಪ್ಪ ತಂದ ಚೀಲದಿಂದ ಒಂದು ಹಿಡಿ ಭತ್ತ ಎತ್ತಿ ಅವಳ ಅಂಗೈಗೆ ಸುರಿದ. ಗಿಡ್ಡ ತಳಿಯ ಹೊಸ ಭತ್ತ. ಉಚ್ಚೆಂಗೆಪ್ಪ ಅದನ್ನು ಈ ಸಲ ಮೂಲೆಯ ಹೊಲದಲ್ಲಿ ಮಾತ್ರ ಹಾಕಿ ನೋಡಿದ್ದ. ಪೈರು ಮೊಣಕಾಲಿಗಿಂತ ಸ್ವಲ್ಪ ಎತ್ತರ, ಆದರೆ ತೆನೆಯ ಭಾರಕ್ಕೆ ಬೀಳಲಿಲ್ಲವಂತೆ. ಆ ತುಂಡಿನಲ್ಲಿ ಎಂದೂ ಕಾಣದಷ್ಟು ಬೆಳೆ ಬಂದಿತ್ತು.

"ಬೀಜ ಯಾರು ಕೊಟ್ರು?" ಸುವರ್ಣಮ್ಮ ಕೇಳಿದಳು.

"ಗ್ರಾಮಸೇವಕ್ರಿ. ಸೈಕಲ್ ಮ್ಯಾಗ ತಂದು ಕೊಟ್ಟ. ಬ್ಯಾಡ ಅಂದ್ರೂ ಬಿಡಲಿಲ್ಲ."

"ಅವನಿಗೆ ಯಾರು ಕೊಟ್ರು?"

"ಅದು ನನಗೇನ್ ಗೊತ್ರಿ? ಆಫೀಸ್ನವ್ರು ಕೊಟ್ಟಿರ್ತಾರ."

"ದಿಲ್ಲಿಯಿಂದ ಬಂದಿರಬೋದಾ? ಹೊಸ ಬೀಜದ ವಿಷಯ ದಿಲ್ಲಿಯವರು ಬಹಳ ಹಚ್ಚಿಕೊಂಡಾರಂತ ಪೇಪರಿನ್ಯಾಗ ಓದಿದ್ದೆ."

ಉಚ್ಚೆಂಗೆಪ್ಪನಿಗೆ ಅದು ತಮಾಷೆಯಾಗಿ ಕಂಡಿತು. "ದಿಲ್ಲ್ಯಾಗ ಭತ್ತ ಬೆಳಿತಾರೇನ್ರಿ ಅಮ್ಮಾರ?"

ಮರಿಬಸಪ್ಪನೂ ನಕ್ಕ. ಸುವರ್ಣಮ್ಮ ಅಂಗೈಯ ಭತ್ತ ನೋಡುತ್ತಾ ನಿಂತಳು. ಬೆಳೆ ಹೆಚ್ಚಿಸಿದ ಕೆಲಸದ ಹಿಂದೆ ಯಾರಿದ್ದಾರೆಂದು ಬೆಳೆದವನಿಗೇ ಗೊತ್ತಿಲ್ಲ. ಒಂದು ಕಾಳನ್ನೂ ಹೆಚ್ಚಿಸದ ಸೋಮವಾರ ಮಾತ್ರ ಎಲ್ಲರ ಬಾಯಲ್ಲೂ ಇದೆ. ಹಾಗಾದರೆ ಅಂಕ ಯಾವುದಕ್ಕೆ? ಜನಕ್ಕೆ ಕಂಡದ್ದಕ್ಕೋ, ಕಾಣದೆ ನಡೆದದ್ದಕ್ಕೋ?

ಸಂಜೆ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಪಾರಮ್ಮ ಪಡಸಾಲೆಗೆ ಬಂದು ಕುಳಿತಳು. ಶಿವನ ವಾರ, ಅಡುಗೆಮನೆ ತಣ್ಣಗಿತ್ತು. ಸುವರ್ಣಮ್ಮ ಎಲ್ಲರಿಗೂ ಕೇಳಿದ ಪ್ರಶ್ನೆಯನ್ನು ಅತ್ತೆಗೂ ಕೇಳಿದಳು, ಉತ್ತರ ಗೊತ್ತೇ ಇದೆ ಎಂಬಂತೆ.

"ನೀನೂ ದೇವರ ಸಲುವಾಗಿ ಬಿಟ್ಟಾಕಿ ಅಲ್ಲೇನತ್ತಿ? ಶಾಸ್ತ್ರಿಗಳ ಸಲುವಾಗಿ ಅಲ್ಲ."

"ಸೋಮವಾರ ದೇವರದು," ಎಂದಳು ಪಾರಮ್ಮ. "ಶಾಸ್ತ್ರಿಗೆ ಮಂಗಳವಾರ ಕೊಟ್ಟೀನಿ."

ಉಯ್ಯಾಲೆಯಲ್ಲಿ ಕುಳಿತಿದ್ದ ಮರಿಬಸಪ್ಪ ಕಾಲು ಊರಿ ನಿಲ್ಲಿಸಿದ. "ಏನಂದಿ?"

"ಮಂಗಳವಾರ ಸಂಜಿಕ ನಾ ಉಣ್ಣೂದಿಲ್ಲ. ದೀಪಾವಳಿ ಮುಗದಾಗಿಂದ."

"ನನಗ್ಯಾಕ ಹೇಳಿಲ್ಲ?"

"ಹೇಳಿದ್ರ ನಗ್ತಿದ್ರಿ. ಈಗ ನೋಡ್ರಿ, ನಗೂನೇ ಬಂದೈತಿ ಮುಖದಾಗ."

ಸುವರ್ಣಮ್ಮ ಅತ್ತೆಯ ಹತ್ತಿರ ಸರಿದು ಕುಳಿತಳು. ಇಷ್ಟೆಲ್ಲ ಓಡಾಟದಲ್ಲಿ ಅವಳು ಹುಡುಕುತ್ತಿದ್ದ, ಶಾಸ್ತ್ರಿಗಳ ಮಾತಿಗೆಂದೇ ಊಟ ಬಿಟ್ಟ ಒಬ್ಬರು ತನ್ನ ಮನೆಯವರೇ ಆಗಿದ್ದರು.

"ಮಂಗಳವಾರ ಯಾಕ? ಸೋಮವಾರ ಹೇಗೂ ಬಿಡ್ತಿದ್ದೆಲ್ಲ, ಅದನ್ನೇ ಎಣಿಸಬೋದಿತ್ತು."

"ಒಂದ ಊಟ ಇಬ್ಬರಿಗೆ ಹೆಂಗ ಕೊಡ್ಲವ್ವ? ಶಿವನಿಗೆ ಕೊಟ್ಟಿದ್ದು ತಗದು ಶಾಸ್ತ್ರಿಗೆ ಕೊಟ್ರ ಇಬ್ಬರಿಗೂ ಮೋಸ ಆಗ್ತತಿ."

"ಅವರು ಕೇಳಿದ್ರು ಅಂತ ನಿನಗ್ಯಾಕ ಅನ್ನಿಸ್ತು ಬಿಡಬೇಕು ಅಂತ? ಎಷ್ಟೋ ಮಂದಿ ಏನೇನೋ ಕೇಳ್ತಾರ."

ಪಾರಮ್ಮ ಸೆರಗಿನ ಅಂಚು ಮಡಚಿ, ಬಿಡಿಸಿ, ಮತ್ತೆ ಮಡಚಿದಳು. "ಗಿರಣ್ಯಾಗ ರೇಡಿಯೋ ಹಾಕಿದ್ರು. ಹಿಂದಿ ಮಾತು, ನನಗ ಪೂರಾ ತಿಳೀಲಿಲ್ಲ. ದನಿ ಕೇಳಿದೆ. ಹುಕುಂ ಮಾಡೋ ದನಿ ಅಲ್ಲ ಅದು. ತನ್ನ ಮನ್ಯಾಗ ಮೊದಲ ಮಾಡಿ ನೋಡಿ ಆಮ್ಯಾಲೆ ಊರಿಗೆ ಹೇಳ್ಯಾನ ಅಂತ ಮಂದಿ ಆಡಿಕೊಂಡ್ರು. ಖರೇನೋ ಸುಳ್ಳೋ. ನನಗಂತೂ ಆ ದನಿ ಕೇಳಿ ಖರೇ ಅನ್ನಿಸ್ತು."

"ನೀ ಉಳಿಸಿದ ಅಕ್ಕಿ ಎಲ್ಲಿಗೆ ಹೋಗ್ತತಿ ಅತ್ತಿ?"

"ಅದ ನೋಡು!" ಪಾರಮ್ಮ ಮುಂದಕ್ಕೆ ಬಾಗಿದಳು. ಈ ಪ್ರಶ್ನೆಗಾಗಿಯೇ ಕಾದಿದ್ದವಳಂತೆ ಅವಳ ದನಿ ಚುರುಕಾಯಿತು. "ನಾನೂ ಅದನ್ನ ವಿಚಾರ ಮಾಡೀನಿ. ಆ ಹಿಡಿ ಅಕ್ಕಿ ನಮ್ಮ ಚೀಲದಾಗ ಉಳಿತತಿ, ನಾವ ಉಣ್ತೀವಿ. ಬಿಡ್ರಿ ಅಂತ ಕೇಳಿದ. ಬಿಟ್ಟಿದ್ದನ್ನ ಎಲ್ಲಿ ಮುಟ್ಟಸ್ರಿ ಅಂತ ನಮಗ ಯಾರೂ ಬಂದು ಹೇಳಲಿಲ್ಲ. ಅಷ್ಟು ಕಡಿಮಿ ಆತು ಅವನ ಕಡಿಂದ."

ಮರಿಬಸಪ್ಪ ಹೆಂಡತಿಯನ್ನು ಹೊಸಬಳನ್ನು ನೋಡುವಂತೆ ನೋಡುತ್ತಿದ್ದ. ಅವಳು ನಂಬಿದ್ದಳು, ನಂಬಿಯೂ ಕೊರತೆ ಎಲ್ಲಿದೆಯೆಂದು ಕಂಡುಕೊಂಡಿದ್ದಳು. ಎರಡೂ ಒಬ್ಬಳಲ್ಲೇ ಇರಬಹುದೆಂದು ಸುವರ್ಣಮ್ಮನಿಗೆ ಅಲ್ಲಿಯವರೆಗೆ ಅನ್ನಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಬಸ್ಸಿಗೆ ಹೊರಡಲು ತಲೆ ಬಾಚಿಕೊಳ್ಳುತ್ತಿದ್ದಾಗ ಗಿರಣಿಯ ಸದ್ದು ನಡುವೆಯೇ ನಿಂತಿತು. ಮರಿಬಸಪ್ಪ ಬರಿಗಾಲಲ್ಲಿ ಓಡಿ ಬಂದ.

"ಶಾಸ್ತ್ರಿಗಳು ಹ್ವಾದ್ರಂತ. ತಾಷ್ಕೆಂಟಿನ್ಯಾಗ. ರೇಡಿಯೋದಾಗ ಬಂತು."

ಪಾಕಿಸ್ತಾನದ ಜೊತೆ ಒಪ್ಪಂದ ಮಾಡಿಕೊಂಡ ರಾತ್ರಿಯೇ ತೀರಿಕೊಂಡಿದ್ದರು. ಮರಿಬಸಪ್ಪ ಕಂಬಕ್ಕೆ ಒರಗಿ ನಿಂತು ಕಣ್ಣೊರೆಸಿಕೊಂಡ. ಹಿಂದಿನ ಸಂಜೆ ಅಷ್ಟು ಖಡಕ್ಕಾಗಿ ಮಾತಾಡಿದವನು ಈಗ, "ಅಂಥಾ ಮನಶಾ ಇನ್ನ ಬರೂದಿಲ್ಲ," ಎನ್ನುತ್ತಿದ್ದ.

ಸುವರ್ಣಮ್ಮ ಬಾಚಣಿಗೆ ಇಟ್ಟು ಅವನ ಬಳಿ ಬಂದಳು. ಆದರೂ ಬಾಯಿ ಸುಮ್ಮನಿರಲಿಲ್ಲ. "ಮಾಮ, ನಿನ್ನೆ ನೀವು ಬ್ಯಾರೆ ಅಂದ್ರೆಲ್ಲ?"

"ಸತ್ತ ದಿನ ಲೆಕ್ಕ ಕೇಳ್ತಿ ಏನಬೇ ನೀನು!" ಮರಿಬಸಪ್ಪ ಗದರಿದ.

ಪಾರಮ್ಮ ಅವಳನ್ನು ಬಾಗಿಲವರೆಗೆ ಕಳಿಸಲು ಬಂದಳು. ಮಂಗಳವಾರದ ವಿಷಯ ಕೇಳಲೋ ಬೇಡವೋ ಎಂದು ಸುವರ್ಣಮ್ಮ ಹಿಂದೆಮುಂದೆ ನೋಡುತ್ತಿರುವಾಗ ಪಾರಮ್ಮನೇ ಹೇಳಿದಳು: "ಇವತ್ತಿಂದು ಕೊಟ್ಟು ಮುಗಸ್ತೀನಿ. ಮುಂದಿಂದು ಮುಂದ ಬರೋರು ಕೇಳಿದ್ರ ನೋಡೂಣು. ಎಲ್ಲಿ ಮುಟ್ಟಸಬೇಕು ಅಂತ ಈ ಸಲ ಮೊದಲ ಕೇಳ್ಕೋತೀನಿ."

ಬಳ್ಳಾರಿಯಲ್ಲಿ ಅಂಗಡಿಗಳು ಮುಚ್ಚಿದ್ದವು. ಚರ್ಚಾಸ್ಪರ್ಧೆ ಮುಂದೆ ಹೋಯಿತು. ಅದರ ಬದಲು ಸ್ಕೂಲಿನಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ನೀವೂ ನಾಲ್ಕು ಮಾತಾಡಿ ಎಂದು ವಿರೂಪಮ್ಮ ಹೇಳಿದಾಗ ಸುವರ್ಣಮ್ಮ ಕಂಡದ್ದನ್ನು ಕಂಡ ಹಾಗೆ ಹೇಳಿದಳು: ಕುರುಗೋಡಿನ ಒಪ್ಪತ್ತು, ಅನ್ನ ಬಿಟ್ಟು ಎದ್ದ ಸೈನಿಕ, ಯಾರು ಕಳಿಸಿದರೆಂದು ಗೊತ್ತಿಲ್ಲದ ಭತ್ತ, ಅತ್ತೆಯ ಮಂಗಳವಾರ, ಅಕ್ಕಿ ಮುಟ್ಟಿಸಲು ದಾರಿಯಿಲ್ಲ ಎಂಬ ಅವಳ ದೂರು. ಮುಗಿಸುವ ಮೊದಲೇ ಕೊಟ್ರಬಸಪ್ಪ ವಕೀಲರು ಎದ್ದು ನಿಂತರು.

"ನಾವು ಕೈ ಮುಗ್ಯಾಕ ಸೇರೀವ್ರಿ, ಪರೀಕ್ಷೆ ಮಾಡಾಕ ಅಲ್ಲ."

ಸುವರ್ಣಮ್ಮನ ಮುಖ ಕೆಂಪಾಯಿತು. "ನಾನೂ ಕೈ ಮುಗೀತೀನ್ರಿ. ಯಾತಕ್ಕ ಮುಗಿಯಾಕತ್ತೀನಿ ಅಂತ ತಿಳ್ಕೊಂಡು ಮುಗಿಬೇಕು ಅಂತ ಆಸೆ," ಎಂದು ಹೇಳಿ ಕುಳಿತಳು. ಸಭೆ ಅಲ್ಲಿಗೇ ಮುಗಿಯಿತು.

ಆದರೆ ವಿರೂಪಮ್ಮ ಆ ಮಾತನ್ನು ಮರೆಯಲಿಲ್ಲ. ಫೆಬ್ರವರಿಯಲ್ಲಿ ಸ್ಪರ್ಧೆ ಮತ್ತೆ ಗೊತ್ತಾದಾಗ ಒಂದು ನಿಯಮ ಸೇರಿಸಿದರು. ಪ್ರತಿ ಹುಡುಗಿಯೂ ತನ್ನ ಓಣಿಯ ಅಥವಾ ಊರಿನ ಒಬ್ಬರನ್ನಾದರೂ ಕೇಳಿ ಬಂದು ಮಾತಾಡಬೇಕು. ಹುಡುಗಿಯರು ಜಟಕಾದವರನ್ನು, ಕಂಪೌಂಡರನ್ನು, ಹೂ ಮಾರುವವರನ್ನು ಹಿಡಿದು ಕೇಳತೊಡಗಿದರು.

ಸ್ಪರ್ಧೆಯ ದಿನ ಹೆಚ್ಚಿನ ಹುಡುಗಿಯರು ಶಾಸ್ತ್ರಿಗಳನ್ನು ಹೊಗಳಿದರು, ಒಳ್ಳೆಯ ಉದಾಹರಣೆಗಳನ್ನೇ ತಂದಿದ್ದರು. ಕೊನೆಗೆ ಮೋಕ ಹಳ್ಳಿಯ ಚನ್ನಬಸಮ್ಮ ಬಂದು ನಿಂತಳು. ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಹುಡುಗಿ, ದನಿ ಸಣ್ಣದು.

"ನಾನು ನಮ್ಮಜ್ಜಿ ಸಾವಂತ್ರಮ್ಮನ್ನ ಕೇಳಿದೆ. ಕೂಲಿ ಮಾಡ್ತಾಳ. ಸೋಮವಾರ ಊಟ ಬಿಟ್ಟಿದ್ದೇನಜ್ಜಿ ಅಂದೆ. ‘ಕೂಲಿ ಇಲ್ಲದ ದಿನ ಎಲ್ಲಾ ಸೋಮವಾರನ ನಮಗ’ ಅಂದ್ಲು. ಉಣ್ಣೋರಿಗೆ ಬಿಡ್ರಿ ಅಂತ ಹೇಳಿದ್ರು, ಸರಿ. ಉಣ್ಣದಿದ್ದೋರಿಗೆ ಏನು ಹೇಳಿದ್ರು? ಅದಕ್ಕ ಉತ್ತರ ಸಿಕ್ಕ ಮ್ಯಾಲೆ ಅವರು ಸಮರ್ಥರು ಅಂತ ನಾನು ಹೇಳ್ತೀನಿ. ಅಲ್ಲೀತನಕ ಹೇಳೂದಿಲ್ಲ."

ಸುವರ್ಣಮ್ಮ ಅಂಕ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟಳು. ಕುರುಗೋಡಿನ ಓಣಿ, ಹೋಟೆಲು, ಗಿರಣಿ, ಅತ್ತೆಯ ಪಡಸಾಲೆ — ತಾನು ಕೇಳಿದವರೆಲ್ಲ ಬಿಡಲು ಒಂದು ಊಟ ಇದ್ದವರೇ. ಅದು ಇಲ್ಲದವರ ಬಾಗಿಲಿಗೆ ತಾನು ಹೋಗಿರಲೇ ಇಲ್ಲ. ಅವಳಿಗೆ ಶಾಸ್ತ್ರಿಗಳ ಮೇಲಿನ ಗೌರವ ಕಡಿಮೆಯಾಗಲಿಲ್ಲ. ಹುಡುಗಿಯ ತೀರ್ಮಾನ ಕಠಿಣವೆಂದೇ ಅನ್ನಿಸಿತು. ಆದರೂ ಎಲ್ಲರಿಗಿಂತ ಹೆಚ್ಚು ಅಂಕ ಅವಳಿಗೇ ಹಾಕಿದಳು. ಕೊಟ್ರಬಸಪ್ಪ ಒಪ್ಪಲಿಲ್ಲ, ವಿರೂಪಮ್ಮ ಎರಡು ಕಡೆಗೂ ತೂಗಿದರು. ಕಡೆಗೆ ಚನ್ನಬಸಮ್ಮನಿಗೆ ಎರಡನೇ ಬಹುಮಾನ ಬಂತು.

ಮುಂದಿನ ಭಾನುವಾರ ಸುವರ್ಣಮ್ಮ ಆ ಹುಡುಗಿಯನ್ನು ಕರೆದುಕೊಂಡು ಮೋಕದ ಬಸ್ಸು ಹತ್ತಿದಳು. ಸಾವಂತ್ರಮ್ಮ ಗುಡಿಸಲ ಮುಂದೆ ಪೊರಕೆಗೆ ಕಡ್ಡಿ ಆರಿಸುತ್ತಿದ್ದಳು. ಮೊಮ್ಮಗಳ ಟೀಚರೆಂದು ತಿಳಿದು ಗೋಣಿಚೀಲ ಹಾಸಿ, ತಂಬಿಗೆಯಲ್ಲಿ ನೀರು ತಂದಿಟ್ಟಳು. ಸುವರ್ಣಮ್ಮ ಪ್ರಶ್ನೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಮುದುಕಿಯೇ ಶುರು ಮಾಡಿದಳು.

"ಈಗ ದಿಲ್ಲ್ಯಾಗ ಹೆಣ್ಣಮಗಳು ಕುಂತಾಳಂತ, ಖರೇನ್ರಿ?"

"ಖರೇ ಅಜ್ಜಿ. ಹೋದ ತಿಂಗಳು ಬಂದ್ರು."

"ಆಕಿ ಏನ ಬಿಡ್ರಿ ಅಂತ ಕೇಳ್ಯಾಳ?"

"ಇನ್ನೂ ಏನೂ ಕೇಳಿಲ್ಲ."

ಸಾವಂತ್ರಮ್ಮ ಕಡ್ಡಿಯ ಕಂತೆ ಪಕ್ಕಕ್ಕೆ ಸರಿಸಿ ಎದುರಿಗೆ ಸರಿಯಾಗಿ ಕುಳಿತಳು. "ಹಂಗಾರ ಆಕಿ ಕೇಳೂದ್ರಾಗ ನಾವ ಮೊದಲ ಕೇಳಾಕ ಬರ್ತತೇನ್ರಿ?"

"ಏನ್ ಕೇಳ್ತಿ?" ಎಂದಳು ಸುವರ್ಣಮ್ಮ.

ಮುದುಕಿ ಕೂಲಿಯ ಜೋಳದ ಅಳತೆಯಿಂದ ಶುರು ಮಾಡಿದಳು. ಅದರಿಂದ ಬಾವಿಯ ನೀರಿಗೆ ಬಂದಳು, ಅಲ್ಲಿಂದ ಯಾವಾಗಲೂ ಬಾಗಿಲು ಹಾಕಿರುವ ಸೊಸೈಟಿಯ ರೇಷನ್ ಅಂಗಡಿಗೆ. ಪಕ್ಕದ ಗುಡಿಸಲಿನ ಹೆಂಗಸರು ಕೆಲಸ ಬಿಟ್ಟು ಬಂದು ಕುಳಿತರು. ಒಬ್ಬೊಬ್ಬರೂ ತಮ್ಮದೊಂದು ಸೇರಿಸಿದರು. ಸುವರ್ಣಮ್ಮ ನಡುನಡುವೆ, "ಅದಕ್ಕ ದಿಲ್ಲಿಯಾಕಿ ಏನ ಮಾಡಬೇಕು? ಇಲ್ಲಿಯವರು ಏನ ಮಾಡಬೇಕು?" ಎಂದು ಕೇಳುತ್ತಿದ್ದಳು. ಆ ಪ್ರಶ್ನೆಗೆ ಅವರಲ್ಲೇ ಜೋರು ವಾದ ಹತ್ತಿಕೊಂಡಿತು. ಬಳ್ಳಾರಿಗೆ ಮರಳುವ ಬಸ್ಸು ಊರ ಮುಂದೆ ಬಂದು ಹಾರ್ನ್ ಮಾಡಿತು. ಚನ್ನಬಸಮ್ಮ ಟೀಚರ ಮುಖ ನೋಡಿದಳು. ಮುಂದಿನ ಬಸ್ಸಿಗೆ ಹೋದರಾಯಿತು ಎಂದು ಸುವರ್ಣಮ್ಮ ಕೈಸನ್ನೆ ಮಾಡಿ, ಮಾತಾಡುತ್ತಿದ್ದ ಹೆಂಗಸಿನ ಕಡೆಗೆ ತಿರುಗಿ ಕುಳಿತಳು.